‘ಪ್ಪ’, ‘ಮ್ಮ’ ಮತ್ತು ಇತರರು

ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ಸ್ವಲ್ಪ ಕೆಮ್ಮುತ್ತೇನೆ. ಕೆಮ್ಮು ಮುಗಿಯುವಷ್ಟರಲ್ಲಿ ಎಷ್ಟೋ ಜನ ಮಾತು ಬದಲಿಸಿಬಿಡುತ್ತಾರೆ. ಬದಲಿಸದೆ ಕಾದು ನಿಂತವರಿಗೆ ಮಾತ್ರ ಹೇಳುತ್ತೇನೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಬೇರೆ. ನಾನು ಪ್ರೋಗ್ರಾಂ ಬರೆಯುವಂಥ ಪ್ರೋಗ್ರಾಂ ಬರೆಯುವವನು. ನೀವು ನಾಲ್ಕಾರು ಉದಾಹರಣೆ ಕೊಟ್ಟರೆ ಸಾಕು. ಇದನ್ನು ಹಾಕಿದರೆ ಇದು ಬರಬೇಕು, ಅದನ್ನು ಹಾಕಿದರೆ ಅದು ಬರಬೇಕು, ಅಷ್ಟೇ. ಆ ಉದಾಹರಣೆಗಳಿಗೆಲ್ಲ ಹೊಂದುವ ಅತಿ ಚಿಕ್ಕ ಪ್ರೋಗ್ರಾಮನ್ನು ನನ್ನ ಯಂತ್ರ ತಾನೇ ಹುಡುಕಿ ಬರೆದುಕೊಡುತ್ತದೆ. ಮನುಷ್ಯ ಕೈ ಹಚ್ಚುವ ಅಗತ್ಯವಿಲ್ಲ. ಹಚ್ಚಲೇಬಾರದು ಎಂಬುದು ನಮ್ಮ ಶಾಸ್ತ್ರದ ತಿರುಳು.

ಈ ಶಾಸ್ತ್ರದಲ್ಲಿ ನಾನು ಯೌವನವನ್ನು ಕಳೆದೆ, ತಲೆಗೂದಲನ್ನೂ ಕಳೆದೆ. ಡಾಕ್ಟರೇಟಿಗಾಗಿ ಒಂದು ಗ್ರಂಥಾಲಯದ ಸಮಸ್ಯೆ ತೆಗೆದುಕೊಂಡಿದ್ದೆ. ಯಾವ ಪುಸ್ತಕವೂ ತಡವಾಗಿ ವಾಪಸು ಬರಬಾರದು, ಅಂಥ ಪ್ರೋಗ್ರಾಂ ಬೇಕು ಎಂದು ಯಂತ್ರವನ್ನು ಕೇಳಿದೆ. ಯಂತ್ರ ನೋಡನೋಡುತ್ತಲೇ ಬರೆದುಕೊಟ್ಟಿತು. ಆ ಪ್ರೋಗ್ರಾಂ ಯಾರಿಗೂ ಪುಸ್ತಕವನ್ನೇ ಕೊಡುತ್ತಿರಲಿಲ್ಲ. ಕೊಡದ ಪುಸ್ತಕ ತಡವಾಗುವುದಾದರೂ ಹೇಗೆ? ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರು ಇದನ್ನು ಅನಿರೀಕ್ಷಿತ ಸ್ವಂತಿಕೆಯೆಂದು ಹೊಗಳಿ ಪದವಿ ಕೊಟ್ಟರು. ಅಂದಿನಿಂದ ನಾನು ಹಿಂದಿರುಗಿ ನೋಡಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಈಗ ಆಳಂದದಲ್ಲಿ ಮನೆ ಮಾಡಿಕೊಂಡು ದಿನಾ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಹೇಳಿ ಬರುತ್ತೇನೆ. ನನ್ನ ಸಂಶೋಧನೆಯನ್ನು ದೇಶವಿದೇಶದ ನಾಲ್ಕೈದು ಜನ ಓದಿದ್ದಾರೆ. ಆದರೆ ನನ್ನ ಹೆಂಡತಿ ನೀಲಮ್ಮನ ತವರಿನಲ್ಲಿ ಮಾತ್ರ ಇಷ್ಟು ವರ್ಷವಾದರೂ ನನಗೊಂದು ಗಟ್ಟಿ ಹೆಸರು ಬಂದಿರಲಿಲ್ಲ. ಅವಳ ಅಣ್ಣ ಶರಣಪ್ಪ ಅದೇ ಆಳಂದದ ತೊಗರಿ ವ್ಯಾಪಾರಿ. ತೊಗರಿ ಕಣ್ಣಿಗೆ ಕಾಣುವ ವಸ್ತು. ನನ್ನ ಸರಕು ಹಾಗಲ್ಲ.

ಶರಣಪ್ಪನ ಕಿರಿಯ ಮಗಳು ಸುವರ್ಣಾಳ ಮದುವೆ ಗೊತ್ತಾದಾಗ ನನ್ನ ಕಾಲ ಬಂತೆಂದುಕೊಂಡೆ. ವರ ಜೇವರ್ಗಿಯವನು, ಅಲ್ಲಿನ ಗುರುಲಿಂಗಪ್ಪ ಎಂಬ ದೊಡ್ಡ ಒಕ್ಕಲುತನದವರ ಮಗ. ಹುಡುಗಿಯ ತಾಯಿಯ ತವರು ಅಫಜಲಪುರ. ಸುವರ್ಣಾ ಅಲ್ಲೇ ಅಜ್ಜಿಯ ಮನೆಯಲ್ಲಿದ್ದು ಕಾಲೇಜು ಓದಿದವಳು. ಹೀಗಾಗಿ ನೆಂಟರೆಲ್ಲ ಮೂರು ಊರಿಗೆ ಹಂಚಿಹೋಗಿದ್ದರು. ಮದುವೆ ಮಾತ್ರ ಹರಕೆಯಂತೆ ಘತ್ತರಗಿಯಲ್ಲಿ, ಭಾಗ್ಯವಂತಿ ದೇವಿಯ ಗುಡಿಯ ಹತ್ತಿರ, ಭೀಮಾ ದಂಡೆಯ ಮೇಲೆ. ಬರುವುದು ಅವರವರ ಪಾಡು, ಊಟವಾದ ಮೇಲೆ ಊರು ಮುಟ್ಟಿಸುವುದು ಹೆಣ್ಣಿನವರ ಜವಾಬ್ದಾರಿ ಎಂದು ಮಾತಾಗಿ, ಶರಣಪ್ಪ ಮೂರು ಬಸ್ಸು ಹೇಳಿದ್ದ.

ಹಿರಿಯ ಮಗಳ ಮದುವೆಯಲ್ಲಿ ತಿರುಗಿ ಹೋಗುವಾಗ ಸೀಟಿನ ಸಲುವಾಗಿ ದಾಯಾದಿಗಳಲ್ಲಿ ಜಗಳವಾಗಿ, ಎರಡು ಮನೆಯವರು ಅಂದಿನಿಂದ ಮಾತು ಬಿಟ್ಟಿದ್ದರು. ಆ ಹೆದರಿಕೆ ಶರಣಪ್ಪನಿಗಿತ್ತು. ಯಾರು ಯಾವ ಬಸ್ಸು, ಯಾವ ಸೀಟು ಎಂಬುದನ್ನು ಮನುಷ್ಯರು ಹೇಳಿದರೆ ಪಕ್ಷಪಾತವೆನ್ನುತ್ತಾರೆ. ಕಂಪ್ಯೂಟರ್ ಹೇಳಿದರೆ ಬಾಯಿ ಮುಚ್ಚಿಕೊಂಡು ಕೂಡುತ್ತಾರೆ. ಈ ತತ್ವವನ್ನು ಹೊತ್ತು ಅವನು ನಮ್ಮ ಮನೆಗೆ ಬಂದ.

“ಪ್ರೊಫೆಸರ್ರ, ನಿಮ್ಮ ಮಶೀನ್ ಇಷ್ಟು ವರ್ಷ ಏನ್ ಮಾಡ್ಯಾದೋ ನನಗ ಗೊತ್ತಿಲ್ಲ. ಇದೊಂದು ಕೆಲಸಾ ಮಾಡ್ತದೇನ್ರಿ?” ಎಂದು ಕೇಳಿದ.

ನಾನು ಉತ್ತರಿಸುವ ಮೊದಲೇ ನೀಲಮ್ಮ ಚಹಾ ಕೊಡುತ್ತ, “ಅಣ್ಣಾ, ಮೂರು ಬಸ್ಸಿಗಿ ಮೂರು ಊರಿನ ಬೋರ್ಡ್ ಹಚ್ಚಿದ್ರ ಮುಗೀತಲ್ಲ. ಮಶೀನ್ ಯಾಕ ಬೇಕು?” ಎಂದಳು.

ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪ್ರಶ್ನೆಗಳು ಎಂದಿಗೂ ಇದ್ದೇ ಇರುತ್ತವೆ. ನಾನು ಕನಿಕರದಿಂದ ನಕ್ಕೆ. ಬೋರ್ಡು ಕಂಡರೆ ಜನ ಒಮ್ಮೆಲೇ ನುಗ್ಗುತ್ತಾರೆ, ಕಿಟಕಿಯಿಂದ ಟವೆಲ್ ಒಗೆಯುತ್ತಾರೆ, ಅದೇ ಜಗಳದ ಮೂಲ ಎಂದು ವಿವರಿಸಿದೆ. ಬಸ್ಸಿಗೆ ಊರ ಹೆಸರು ಇರಲೇಕೂಡದು, ಒಂದು ಎರಡು ಮೂರು ಎಂಬ ಅಂಕಿ ಮಾತ್ರ ಇರಬೇಕು, ಯಾರ ಬಸ್ಸು ಯಾವುದೆಂದು ಅವರವರ ಫೋನಿಗೆ ಸಂದೇಶ ಬರಬೇಕು ಎಂದು ತೀರ್ಪು ಕೊಟ್ಟೆ. ಒಂದನೆಯದು ಆಳಂದಕ್ಕೆ, ಎರಡನೆಯದು ಜೇವರ್ಗಿಗೆ, ಮೂರನೆಯದು ಅಫಜಲಪುರಕ್ಕೆ. ಇದು ಚಾಲಕರಿಗೆ ಮತ್ತು ನನ್ನ ಯಂತ್ರಕ್ಕೆ ಮಾತ್ರ ಗೊತ್ತು. ಶರಣಪ್ಪನ ಮುಖ ಅರಳಿತು. ನೀಲಮ್ಮ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಬರುವವರೆಲ್ಲ ತಮ್ಮ ಹೆಸರು, ಊರು ಫೋನಿನಲ್ಲಿ ಬರೆದು ಕಳಿಸಲಿ ಎಂದು ಹೇಳಿದೆವು. ಕಳಿಸಿದರು. ಒಬ್ಬರು ಆಳಂದ ಎಂದರೆ ಇನ್ನೊಬ್ಬರು ಅಳಂದಾ ಎಂದರು, ಮತ್ತೊಬ್ಬರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದರು. ಊರು ಎಂಬಲ್ಲಿ ಒಬ್ಬ ಹಿರಿಯರು ‘ಹಣಮಂದೇವರ ಗುಡಿ ಹಿಂದ’ ಎಂದು ಬರೆದಿದ್ದರು. ನಾನು ವಿಚಲಿತನಾಗಲಿಲ್ಲ. ಇಂಥ ಗೊಂದಲದಿಂದ ಸತ್ಯವನ್ನು ಹೆಕ್ಕುವುದಕ್ಕೇ ಅಲ್ಲವೇ ನಾನು ಕೂದಲು ಕಳೆದದ್ದು!

ಇನ್ನು ಉದಾಹರಣೆಗಳು ಬೇಕಾಗಿದ್ದವು. ಆಳಂದದವರ ಕೆಲವು ಹೆಸರು ಹೇಳು ಎಂದು ಶರಣಪ್ಪನನ್ನು ಕೇಳಿದೆ. ಅವನು ತನ್ನ ವ್ಯಾಪಾರದ ಗೆಳೆಯರನ್ನು ಹೇಳಿದ. ಕಲ್ಲಪ್ಪ, ಭೀಮಪ್ಪ, ಸಿದ್ರಾಮಪ್ಪ. ಜೇವರ್ಗಿಯ ಬೀಗರ ಕಡೆಯ ಗಂಡಸರ ಹೆಸರು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲವೆಂದು ಅವನು ಹಿಂಜರಿದಾಗ ನೀಲಮ್ಮ ತನಗೆ ಪರಿಚಯವಿದ್ದ ಹೆಂಗಸರನ್ನು ಹೇಳಿದಳು. ಶಾಂತಮ್ಮ, ಗಂಗಮ್ಮ, ಈರಮ್ಮ. ಅಫಜಲಪುರದವರು ಯಾರೆಂದು ಸುವರ್ಣಾಳನ್ನು ಕೇಳಿದರೆ ಅವಳು ಕಾಲೇಜಿನ ಗೆಳೆಯ ಗೆಳತಿಯರನ್ನು ಹೇಳಿದಳು. ರಾಹುಲ್, ಪೂಜಾ, ಸಚಿನ್.

ಅಷ್ಟನ್ನೂ ಯಂತ್ರಕ್ಕೆ ಉಣಿಸಿದೆ. ಅದು ಸ್ವಲ್ಪ ಹೊತ್ತು ಧ್ಯಾನಿಸಿ ಒಂದು ಪ್ರೋಗ್ರಾಂ ಬರೆದುಕೊಟ್ಟಿತು. ಪರೀಕ್ಷಿಸಬೇಕಲ್ಲ? ಕೊಟ್ಟ ಉದಾಹರಣೆಗಳನ್ನೇ ಮತ್ತೆ ಕೊಟ್ಟು ನೋಡಿದೆ. ಒಂದೂ ತಪ್ಪಿಲ್ಲ! ಯಂತ್ರ ಬರೆದದ್ದನ್ನು ತೆರೆದು ಒಮ್ಮೆ ಓದಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಶಾಸ್ತ್ರದಲ್ಲಿ ಅದು ಅಸಭ್ಯತೆ. ಓದುವುದೇ ಆದರೆ ಬರೆಸುವುದೇಕೆ?

ಮದುವೆಯ ದಿನ ಅಕ್ಷತೆಯ ಅಕ್ಕಿಕಾಳು ಸರಿಯಾದ ಹೊತ್ತಿಗೆ ಬಿದ್ದವು. ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ, ಖಡಕ್ ರೊಟ್ಟಿ. ಊಟ ಮುಗಿಯುತ್ತಲೇ ಮದುಮಕ್ಕಳು ಹೂವು ಕಟ್ಟಿದ ತಮ್ಮ ಕಾರಿನಲ್ಲಿ ಜೇವರ್ಗಿಗೆ ಹೊರಟರು. ಸುವರ್ಣಾಳ ತಾಯಿ ಮಗಳನ್ನು ಅಪ್ಪಿಕೊಂಡು ಅತ್ತು, ಕಣ್ಣೊರೆಸಿಕೊಂಡಳು. ಆಗ ನಾನು ಫೋನಿನ ಗುಂಡಿ ಒತ್ತಿದೆ. ಮಂಟಪದ ತುಂಬ ಫೋನುಗಳು ಒಮ್ಮೆಲೇ ಕಿಣಿಕಿಣಿ ಎಂದವು. ನಿಮ್ಮ ಬಸ್ಸು ಒಂದು. ನಿಮ್ಮ ಬಸ್ಸು ಎರಡು. ಜನ ಎದ್ದು ಸಾಲಾಗಿ ನಡೆದರು. ಒಂದು ಟವೆಲ್ ಕೂಡ ಕಿಟಕಿಯಿಂದ ಒಳಗೆ ಬೀಳಲಿಲ್ಲ.

ನೋಡಿದರೆ ಒಂದನೆಯ ಬಸ್ಸಿನಲ್ಲಿ ಹಿರಿಯ ಗಂಡಸರು, ಎರಡನೆಯದರಲ್ಲಿ ಹಿರಿಯ ಹೆಂಗಸರು, ಮೂರನೆಯದರಲ್ಲಿ ಹುಡುಗ ಹುಡುಗಿಯರು. ನನಗೂ ಒಂದು ಕ್ಷಣ ಆಶ್ಚರ್ಯವಾಯಿತು. ಇದನ್ನು ನಾನು ಯಂತ್ರಕ್ಕೆ ಕಲಿಸಿರಲಿಲ್ಲ. ಅಷ್ಟರಲ್ಲಿ ಬೀಗರಾದ ಗುರುಲಿಂಗಪ್ಪನವರು ರುಮಾಲು ಸರಿಮಾಡಿಕೊಳ್ಳುತ್ತ ಬಂದು ನನ್ನ ಕೈ ಹಿಡಿದು, ಹೆಣ್ಣುಮಕ್ಕಳಿಗೆ ಬೇರೆ, ಗಂಡುಮಕ್ಕಳಿಗೆ ಬೇರೆ ಬಸ್ಸು ಮಾಡಿ ಮರ್ಯಾದೆ ಉಳಿಸಿದಿರಿ, ಹುಡುಗರ ಗದ್ದಲವನ್ನೂ ತಪ್ಪಿಸಿದಿರಿ ಎಂದು ಎಲ್ಲರೆದುರು ಹೊಗಳಿ ಒಂದನೆಯ ಬಸ್ಸು ಹತ್ತಿದರು. ಯಂತ್ರ ನಮ್ಮ ಸಂಸ್ಕೃತಿಯನ್ನೇ ಅರ್ಥ ಮಾಡಿಕೊಂಡುಬಿಟ್ಟಿದೆ ಎಂದು ನನ್ನ ಕಣ್ಣಂಚು ಒದ್ದೆಯಾಯಿತು. ಶರಣಪ್ಪ ನನ್ನ ಬೆನ್ನು ತಟ್ಟಿದ. ನೀಲಮ್ಮ ಎರಡನೆಯ ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿ, ಮದುವೆಯಾದ ಹೊಸದರಲ್ಲಿ ನಕ್ಕಂತೆ ನಕ್ಕಳು. ಅವಳು ಆ ದಿನ ನನಗೆ ಕೊಟ್ಟ ಕೊನೆಯ ನಗು ಅದು.

ನನ್ನ ಹೆಸರು ಮಲ್ಲಿಕಾರ್ಜುನ. ನನಗೆ ಮೂರನೆಯ ಬಸ್ಸು ಬಂದಿತ್ತು. ನಾನು ಆಳಂದಕ್ಕೆ ಹೋಗಬೇಕಾದವನು, ಇದು ಅಫಜಲಪುರದ ಬಸ್ಸು ಎಂಬುದು ತಲೆಗೆ ಬರಬೇಕಿತ್ತು. ಬರಲಿಲ್ಲ. ಹೊಗಳಿಕೆಯ ಮೇಲೆ ಹೋಳಿಗೆಯೂ ಸೇರಿದಾಗ ತಲೆಗೆ ಏನೂ ಬರುವುದಿಲ್ಲ. ದಾರಿಯುದ್ದಕ್ಕೂ ಹುಡುಗರಿಗೆ ನನ್ನ ಸಂಶೋಧನೆಯನ್ನು ವಿವರಿಸುತ್ತ ಹೋದೆ. ಅವರು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಬಹಳ ವಿನಯದಿಂದ ಕೇಳಿದರು.

ಅಫಜಲಪುರದಲ್ಲಿ ಬಸ್ಸು ನಿಂತಿತು. ಹುಡುಗರು ಮಿರ್ಚಿ ಭಜಿ ತಿನ್ನಲು ಇಳಿದರು. ನಾನೂ ಕೈಕಾಲು ಚಾಚಲು ಇಳಿದೆ. ಅಷ್ಟರಲ್ಲಿ ನಮ್ಮ ಒಂದನೆಯ ಬಸ್ಸು ಪಕ್ಕದಲ್ಲೇ ಹಾಯ್ದು ಆಳಂದದ ದಾರಿ ಹಿಡಿಯಿತು. ಬಿಸಿಲಿಗೆ ಪರದೆ ಎಳೆದಿದ್ದರು. ಒಂದು ಪರದೆಯ ಸಂದಿಯಲ್ಲಿ ಗುರುಲಿಂಗಪ್ಪನವರ ರುಮಾಲು, ಅದರ ಕೆಳಗೆ ತೆರೆದ ಬಾಯಿ ಕಂಡವು. ಗಾಢನಿದ್ರೆ. ಜನ ಇಷ್ಟು ನಿಶ್ಚಿಂತೆಯಿಂದ ಮಲಗುವಂತಾಗುವುದೇ ಸಂಶೋಧನೆಯ ಸಾರ್ಥಕತೆ ಎಂದುಕೊಂಡು ನಾನು ಆ ಬಸ್ಸಿಗೆ ಕೈ ಬೀಸಿದೆ.

ಭಜಿ ಮುಗಿದ ಮೇಲೆ ಬಸ್ಸು ಹತ್ತಲು ಹೋದರೆ ಚಾಲಕ ಬಾಗಿಲು ಹಾಕುತ್ತಿದ್ದ. ಇಲ್ಲಿಗೆ ಮುಗಿಯಿತು ಎಂದ. ಇದು ಆಳಂದಕ್ಕೆ ಹೋಗುವ ಬಸ್ಸು ಎಂದು ನಾನು ಜಬರಿಸಿದೆ. ಅವನು ಅಫಜಲಪುರಕ್ಕೆ ಮಾತ್ರ ಹೇಳಿದ್ದಾರೆ ಎಂದ. ಹೇಳಿದವರು ಯಾರು ಎಂದು ಗುಡುಗಿದೆ. “ನೀವೇ ಹೇಳೀರಲ್ರಿ ಸಾಹೇಬ್ರ” ಎಂದ. ಯಂತ್ರ ತಪ್ಪಲಾರದು, ಆದ್ದರಿಂದ ಚಾಲಕನೇ ತಪ್ಪಿರಬೇಕೆಂದು ಬಹಳ ಹೊತ್ತು ವಾದಿಸಿದೆ. ನನ್ನ ವಾದ ತಾರ್ಕಿಕವಾಗಿತ್ತು. ಬಸ್ಸು ಮಾತ್ರ ಅಲ್ಲಾಡಲಿಲ್ಲ. ಸುತ್ತ ನೆರೆದ ಹುಡುಗ ಹುಡುಗಿಯರಲ್ಲಿ ಒಬ್ಬಳು ತಾನು ಜೇವರ್ಗಿಯವಳೆಂದೂ, ಇನ್ನೊಬ್ಬ ತಾನು ಆಳಂದದವನೆಂದೂ ಹೇಳತೊಡಗಿದಾಗ ನಾನು ವಾದ ನಿಲ್ಲಿಸಿ ಬಸ್ಸಿನ ಮೇಲಿನ ಅಂಕಿಯನ್ನು ಇನ್ನೊಮ್ಮೆ ನೋಡಿದೆ.

ಆಗ ನೀಲಮ್ಮನ ಫೋನು ಬಂತು.

“ರೀ, ನಾವು ಜೇವರ್ಗಿದಾಗ ಅದೀವಿ” ಎಂದಳು.

“ನೀವ್ಯಾಕ ಅಲ್ಲಿಗಿ ಹೋದ್ರಿ?”

“ಅದನ್ನ ನಾ ಕೇಳಬೇಕು” ಎಂದಳು ನೀಲಮ್ಮ.

ಅವಳು ವಿವರಿಸಿದ್ದು ಇಷ್ಟು. ಮೂರೂ ಊರಿನ ಹೆಂಗಸರು ಗುರುಲಿಂಗಪ್ಪನವರ ಮನೆಯ ಮುಂದೆ ಇಳಿದಿದ್ದಾರೆ. ಮಗಳನ್ನು ಕಳಿಸಿ ಅತ್ತಿದ್ದ ಸುವರ್ಣಾಳ ತಾಯಿ, ಮಗಳಿಗಿಂತ ಮೊದಲೇ ಬೀಗರ ಬಾಗಿಲಲ್ಲಿ ಇಳಿದು ನಾಚಿಕೆಯಿಂದ ಬಸ್ಸಿನ ಹಿಂದೆ ಅಡಗಿದ್ದಾಳೆ. ದಾರಿಯ ಗುಡಿಗಳಲ್ಲೆಲ್ಲ ಕಾಯಿ ಒಡೆಸುತ್ತ ತಡವಾದ ಹೂವಿನ ಕಾರೂ ಈಗ ಬಂದು ನಿಂತಿದೆ. ಮದುಮಗಳು ಮನೆ ತುಂಬಬೇಕು. ಮನೆಗೆ ಬೀಗ ಹಾಕಿದೆ. ಕೀಲಿ ಗುರುಲಿಂಗಪ್ಪನವರ ಜೇಬಿನಲ್ಲಿದೆ. ಹೊತ್ತು ಮುಳುಗುವುದರೊಳಗೆ ಹೊಸ್ತಿಲು ದಾಟಿಸಬೇಕೆಂದು ವರನ ಅಜ್ಜಿ ಈರಮ್ಮನವರು ಕಟ್ಟೆಯ ಮೇಲೆ ಕುಳಿತಿದ್ದಾರೆ. ಹೊಸ ಸೊಸೆ ಬಿಸಿಲಿನಲ್ಲಿ, ಬೀದಿಯಲ್ಲಿ, ಸೆರಗು ಹೊದ್ದು ನಿಂತಿದ್ದಾಳೆ.

ನಾನು ಅಲ್ಲೇ ಭಜಿ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಜೀವನದಲ್ಲಿ ಮೊದಲ ಬಾರಿಗೆ, ಯಂತ್ರ ಬರೆದದ್ದನ್ನು ಓದಿದೆ. ಓದಲು ಹೆಚ್ಚೇನೂ ಇರಲಿಲ್ಲ. ಹೆಸರು ‘ಪ್ಪ’ ಎಂದು ಮುಗಿದರೆ ಒಂದನೆಯ ಬಸ್ಸು. ‘ಮ್ಮ’ ಎಂದು ಮುಗಿದರೆ ಎರಡನೆಯ ಬಸ್ಸು. ಇತರರು ಮೂರನೆಯದಕ್ಕೆ. ಊರಿನ ಹೆಸರನ್ನು ಹತ್ತು ಜನ ಹತ್ತು ಬಗೆಯಾಗಿ ಬರೆದಿದ್ದರಿಂದ ಅದನ್ನು ಮುಟ್ಟುವ ಗೋಜಿಗೇ ಯಂತ್ರ ಹೋಗಿರಲಿಲ್ಲ. ಕೊಟ್ಟ ಉದಾಹರಣೆಗಳಿಗೆ ಇದಕ್ಕಿಂತ ಚಿಕ್ಕ ಪ್ರೋಗ್ರಾಂ ಸಾಧ್ಯವೇ ಇಲ್ಲ. ಶಾಸ್ತ್ರದ ದೃಷ್ಟಿಯಿಂದ ಅದು ಅತ್ಯಂತ ಸುಂದರವಾಗಿತ್ತು. ಆ ಸೌಂದರ್ಯವನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ವಿಜ್ಞಾನಿಯಾಗುತ್ತಿರಲಿಲ್ಲ. ಯಂತ್ರಕ್ಕೆ ಹೊಸದೊಂದು ಉದಾಹರಣೆ ಕೊಟ್ಟೆ. ಗುರುಲಿಂಗಪ್ಪ ಎಂದರೆ ಜೇವರ್ಗಿ. ಈಗಲಾದರೂ ಕಲಿತುಕೋ ಎಂದೆ. ಯಂತ್ರ ತಕ್ಷಣ ಕಲಿತುಕೊಂಡು, ಮನುಷ್ಯರ ಕೈ ತಾಗಬಾರದೆಂದು ನಾನೇ ಮಾಡಿಟ್ಟ ಏರ್ಪಾಟಿನಂತೆ, ಹೊಸ ಸಂದೇಶಗಳನ್ನು ತಾನೇ ಕಳಿಸಿಯೂಬಿಟ್ಟಿತು. ಅದು ಕಲಿತದ್ದೇನೆಂದರೆ, ‘ಗು’ ಎಂದು ಶುರುವಾಗುವವರೆಲ್ಲ ಜೇವರ್ಗಿಗೆ.

ಆಳಂದದಲ್ಲಿ ಗುಂಡಪ್ಪ ಎಂಬ ಹಿರಿಯರಿದ್ದರು. ಶರಣಪ್ಪನ ಪಕ್ಕದ ಮನೆಯವರು, ಕಿವಿ ಸ್ವಲ್ಪ ಮಂದ. ಆ ದಿನ ಸರಿಯಾಗಿ ತಮ್ಮ ಮನೆ ಮುಟ್ಟಿದ್ದ ಕೆಲವೇ ಪುಣ್ಯವಂತರಲ್ಲಿ ಅವರೂ ಒಬ್ಬರು. ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದಾಗ ಫೋನು ಮಿನುಗಿತು. ನಿಮ್ಮ ಬಸ್ಸು ಜೇವರ್ಗಿಗೆ ಹೊರಟಿದೆ. ಮದುವೆಯವರು ಕರೆದಾಗ ಬರುವುದಿಲ್ಲವೆಂದರೆ ಹೇಗೆಂದು ಅವರು ಅಂಗಿ ಮತ್ತೆ ತೊಟ್ಟು ಓಡೋಡಿ ಬಂದು ಬಸ್ಸು ಹತ್ತಿದರು. ಅಲ್ಲಿ, ಎದ್ದು ಕಣ್ಣುಜ್ಜಿಕೊಂಡು ತಾವೆಲ್ಲಿದ್ದೇವೆಂದು ತಿಳಿದು ಸಿಡಿಮಿಡಿಗೊಂಡಿದ್ದ ಗುರುಲಿಂಗಪ್ಪನವರು ಒಬ್ಬರೇ ಕುಳಿತಿದ್ದರು. ಜೇವರ್ಗಿಯ ಉಳಿದ ಗಂಡಸರು ಮುಖ ತೊಳೆಯಲು ಶರಣಪ್ಪನ ಮನೆಗೆ ಹೋಗಿದ್ದರು. ಚಾಲಕನಿಗೂ ಇಬ್ಬರ ಹೆಸರು ಮಾತ್ರ ಬಂದಿತ್ತು. ಇಬ್ಬರನ್ನೇ ಹೊತ್ತು ಬಸ್ಸು ಹೊರಟಿತು.

ಶರಣಪ್ಪನ ಫೋನು ಬಂತು. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಒಬ್ಬ ಹೆಂಗಸೂ ಇಲ್ಲ, ಅಂಗಳದ ತುಂಬ ಬೀಗರ ಕಡೆಯ ಗಂಡಸರು. ಅವನೇ ಚುರಮುರಿ ತೋಯಿಸಿ ಸುಸಲಾ ಮಾಡುತ್ತಿದ್ದ. ಎಲ್ಲರಿಗೂ ಬೇರೆ ಗಾಡಿಗಳನ್ನು ಫೋನಿನಲ್ಲೇ ಗೊತ್ತು ಮಾಡಿದ್ದೇನೆ, ಒಬ್ಬೊಬ್ಬರನ್ನೂ ಊರು ಕೇಳಿ ಹತ್ತಿಸುತ್ತೇನೆ ಎಂದ. ಆಮೇಲೆ ಬಹಳ ಶಾಂತವಾಗಿ, “ಪ್ರೊಫೆಸರ್ರ, ನಿಮಗ ಕೈ ಮುಗೀತೇನಿ. ಇನ್ನ ಮುಂದ ನೀವು ಏನೂ ಮಾಡಬ್ಯಾಡ್ರಿ” ಎಂದ.

ಕ್ಷಮೆಯನ್ನಾದರೂ ಕೇಳೋಣವೆಂದು ನಾನು ಒಂದು ಬಾಡಿಗೆಯ ಕ್ರೂಸರ್ ಜೀಪು ಹಿಡಿದು ಜೇವರ್ಗಿಗೆ ಹೋದೆ. ದಾರಿಯುದ್ದಕ್ಕೂ ಬಿಸಿಲಲ್ಲಿ ನಿಂತ ಸುವರ್ಣಾಳೇ ಕಣ್ಣ ಮುಂದೆ. ಅವಳನ್ನು ತೊಡೆಯ ಮೇಲೆ ಆಡಿಸಿದವನು ನಾನು. ಮೊದಲ ದಿನವೇ ಬೀದಿಯಲ್ಲಿ ನಿಂತ ಸೊಸೆ ಎಂದು ಅವಳು ಜನ್ಮವಿಡೀ ಅನ್ನಿಸಿಕೊಳ್ಳುವ ಹಾಗೆ ಮಾಡಿದೆನಲ್ಲ. ಆ ಹೊತ್ತು ನನಗೆ ಶಾಸ್ತ್ರವೂ ನೆನಪಾಗಲಿಲ್ಲ, ನಗುವೂ ಬರಲಿಲ್ಲ.

ಹೋಗಿ ನೋಡಿದರೆ ಬೀದಿಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯಿಂದ ನಗುವಿನ ಅಲೆ ಬರುತ್ತಿತ್ತು. ಅದು ಖಾಜಾಬಿಯ ಮನೆ. ಈರಮ್ಮನವರೂ ಖಾಜಾಬಿಯೂ ಒಂದೇ ಗೋಡೆಗೆ ಬೆನ್ನು ಕೊಟ್ಟು ಮುದುಕಿಯರಾದವರು. ಬೀದಿಯಲ್ಲಿ ನಿಂತ ಸೊಸೆಯನ್ನು ಕಂಡು ಖಾಜಾಬಿ, “ಬಾ ಬೇಟಿ, ಇದೂ ನಿನ್ನ ಮನೀನೇ ಅದ” ಎಂದು ಕರೆದಿದ್ದಳು. ಈರಮ್ಮನವರು ಒಂದು ಗಳಿಗೆ ಯೋಚಿಸಿ, ಹೊಸ್ತಿಲು ಯಾರದಾದರೇನು ಎಂದು ಅಲ್ಲೇ ಸೇರಿನಲ್ಲಿ ಅಕ್ಕಿ ತುಂಬಿಸಿ ಇಟ್ಟರು. ಸುವರ್ಣಾ ಬಲಗಾಲಿನಿಂದ ಸೇರು ಒದ್ದು ಖಾಜಾಬಿಯ ಮನೆ ತುಂಬಿದ್ದಳು. ಈಗ ಅವಳು ನಡುಮನೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು. ಅವಳ ತಾಯಿಯನ್ನೂ ಬಸ್ಸಿನ ಹಿಂದಿನಿಂದ ಎಳೆದು ತಂದು ಪಕ್ಕದಲ್ಲಿ ಕೂಡಿಸಿದ್ದರು. ಮೂರು ಊರಿನ ಹೆಂಗಸರು ಬಸ್ಸಿನಲ್ಲೇ ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ಒಪ್ಪಿಸಿ, ಆಗಲೇ ಎರಡು ಹೊಸ ಸಂಬಂಧ ಕುದುರಿಸಿದ್ದರು.

ಒಂದನೆಯ ಬಸ್ಸು ಬಂತು. ಅದರಿಂದ ಗುರುಲಿಂಗಪ್ಪನವರು, ಅವರ ಹಿಂದೆ ಹಸನ್ಮುಖಿಯಾಗಿ ಗುಂಡಪ್ಪನವರು ಇಳಿದರು. ಗುರುಲಿಂಗಪ್ಪನವರ ಮೀಸೆ ಅದುರುತ್ತಿತ್ತು. ಇಂಥ ಅವಮಾನ ಏಳು ತಲೆಮಾರಿನಲ್ಲಿ ಆಗಿಲ್ಲ, ಹೆಣ್ಣಿನವರು ಬಂದು ಉತ್ತರ ಹೇಳಬೇಕು ಎಂದರು. ಉತ್ತರ ಹೇಳಬೇಕಾದವನು ನಾನು. ಕೈ ಮುಗಿದು ನಿಂತು, ‘ಪ್ಪ’ ಮತ್ತು ‘ಮ್ಮ’ಗಳ ವಿಷಯವನ್ನು ಒಂದೂ ಬಿಡದೆ ಹೇಳಿದೆ.

ಎಲ್ಲ ಮುಗಿದ ಮೇಲೆ ಗುರುಲಿಂಗಪ್ಪನವರು ನನ್ನನ್ನು ಕೇಳಿದರು, “ಊರು ನೋಡಿ ಬಸ್ಸಿಗಿ ಹತ್ತಸಬೇಕಂತ ಅದಕ್ಕ ತಿಳಿಯಂಗಿಲ್ಲೇನ್ರಿ?”

ಇಂಥ ಪ್ರಶ್ನೆಗೆ ನಮ್ಮ ಶಾಸ್ತ್ರದಲ್ಲಿ ಒಂದು ಸಿದ್ಧ ಉತ್ತರವಿದೆ. ಅಭ್ಯಾಸಬಲದಿಂದ ಅದು ಬಾಯಿಗೆ ಬಂದೇ ಬಂತು. “ಅದು ನಮ್ಮಲ್ಲಿ ಇನ್ನೂ ಯಾರೂ ಬಿಡಿಸದ, ತೆರೆದ ಸಮಸ್ಯೆ ಅದರಿ” ಎಂದೆ.

ಒಳಗಿನಿಂದ ಈರಮ್ಮನವರು ಹೊರಗೆ ಬಂದರು. “ತೆರದದ್ದು ಸಮಸ್ಯೆ ಅಲ್ಲೋ ಯಪ್ಪಾ. ಮುಚ್ಚಿದ ಬಾಗಲಾ ಸಮಸ್ಯೆ” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಜೇಬಿನ್ಯಾಗ ಕೀಲಿ ಇಟಗೊಂಡು ಅಳಂದತನಕ ಗೊರಕಿ ಹೊಡಕೋತ ಹೋದಾಂವ ನೀನು. ಅವರ್ನ್ಯಾಕ ಬೈತಿ? ಬಾಗಲಾ ತೆಗಿ” ಎಂದರು.

ಹೆಂಗಸರೆಲ್ಲ ನಕ್ಕರು. ಸುವರ್ಣಾಳೂ ಸೆರಗಿನೊಳಗೆ ನಕ್ಕಳು. ಅದನ್ನು ಕಂಡು ನನಗೆ ಹೋದ ಜೀವ ಬಂದಂತಾಯಿತು. ಗುರುಲಿಂಗಪ್ಪನವರು ಮೀಸೆಯೊಳಗೇ ಏನೋ ಅಂದು ಬಾಗಿಲು ತೆಗೆದರು. ಸೊಸೆ ಒಂದೇ ದಿನ ಎರಡನೆಯ ಮನೆ ತುಂಬಿದಳು. ಗುಂಡಪ್ಪನವರು ಅಲ್ಲಿಯೂ ಊಟ ಮಾಡಿ, ವ್ಯವಸ್ಥೆ ಬಹಳ ಚೆನ್ನಾಗಿತ್ತೆಂದು ನನ್ನೊಬ್ಬನಿಗೇ ಹೇಳಿದರು.

ಊರಿಗೆ ಬಂದ ಮೇಲೆ ನನಗೆ ಒಂದು ಸಮಾಧಾನ ಉಳಿದಿತ್ತು. ಇಂಥ ಅನುಭವ ನನ್ನ ಕ್ಷೇತ್ರದ ಯಾವ ಪಂಡಿತನಿಗೂ ಆಗಿರಲಾರದು. ಇದನ್ನೇ ಪ್ರಬಂಧವಾಗಿ ಬರೆದರೆ ಹೆಸರು ಬರುತ್ತದೆ. ವಾರಗಟ್ಟಲೆ ಕುಳಿತು ಬರೆದೆ. ಬಸ್ಸುಗಳ ಚಿತ್ರ ಹಾಕಿದೆ, ಸೂತ್ರ ಹಾಕಿದೆ, ಕೊನೆಯಲ್ಲಿ ಯಂತ್ರ ಬರೆದದ್ದನ್ನು ಮನುಷ್ಯರು ಒಮ್ಮೆ ಓದಿದರೆ ಒಳ್ಳೆಯದೆಂಬ ಕ್ರಾಂತಿಕಾರಿ ಸಲಹೆಯನ್ನೂ ಕೊಟ್ಟೆ. ಒಂದು ದೊಡ್ಡ ಸಮ್ಮೇಳನಕ್ಕೆ ಕಳಿಸಿದೆ. ಕೆಲವು ತಿಂಗಳ ಮೇಲೆ ತಿರಸ್ಕೃತವಾಗಿ ಬಂತು. ಪರಿಶೀಲಿಸಿದ ಮಹನೀಯರು, ಸಮಸ್ಯೆ ತೀರ ಕೃತಕವಾಗಿದೆ, ಇಂಥ ಪರಿಸ್ಥಿತಿ ವಾಸ್ತವ ಜೀವನದಲ್ಲಿ ಉಂಟಾಗುವುದು ಅಸಂಭವ ಎಂದು ಅಭಿಪ್ರಾಯಪಟ್ಟಿದ್ದರು.

ಅದನ್ನು ನೀಲಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಬರೊಬ್ಬರಿ ಬರದಾರ” ಎಂದಳು.

ನನಗೂ ಒಪ್ಪಬೇಕೆನಿಸಿತು. ವಾಸ್ತವ ಜೀವನದಲ್ಲಿ ಇಂಥದ್ದು ತಾನಾಗಿ ಆಗುವುದಿಲ್ಲ. ಅದಕ್ಕೆ ಇಷ್ಟು ವರ್ಷ ಓದಿದ ಒಬ್ಬ ಮನುಷ್ಯ ಬೇಕು.